ಮಾತ್ರೆ ಮುಗಿಯಿತು, ಕಾಯಿಲೆ ಮುಗಿಯಲಿಲ್ಲ: ಕುಷ್ಠರೋಗ ಮತ್ತು ಉರಿಯೂತ ಹತ್ತಿದ ರಕ್ತನಾಳಗಳು

ಕುಷ್ಠರೋಗ ಅಂದಾಕ್ಷಣ ನಮಗೆ ನೆನಪಾಗುವುದು ಎರಡೇ. ಒಂದು, ಮುಟ್ಟಿದರೂ ಗೊತ್ತಾಗದ ಬಿಳಿಚಿದ ಮಚ್ಚೆ. ಇನ್ನೊಂದು, ಮೊಂಡಾದ ಬೆರಳು. ಮಚ್ಚೆಯ ವಿಷಯ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹದಿಂದ ಬಂದದ್ದು. ಬೆರಳಿನ ಚಿತ್ರವನ್ನು ಹಳೆಯ ಸಿನಿಮಾಗಳು ತಲೆಯಲ್ಲಿ ಕೂರಿಸಿವೆ. ಎರಡರಲ್ಲೂ ನೋವಿಲ್ಲ. ಹಾಗಾಗಿ ಕುಷ್ಠಕ್ಕೆ ನೋವಿರುವುದಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ನಿಂತುಬಿಟ್ಟಿದೆ.

ಆದರೆ ಇದೇ ಕಾಯಿಲೆಯಲ್ಲಿ ಮನುಷ್ಯನನ್ನು ಹಾಸಿಗೆ ಹಿಡಿಸುವಂಥ ನೋವಿನ ಹಂತವೂ ಇದೆ. ಜೋರು ಜ್ವರ. ಮುಖ, ಮುಂಗೈ, ತೊಡೆಗಳ ಮೇಲೆ ಒಂದೇ ಸಲ ಏಳುವ ಕೆಂಪು ಗಂಟುಗಳು. ಅಂಗಿ ತಗುಲಿದರೂ ಚೀರುವಷ್ಟು ನೋವು. ಕೀಲು ಊದುತ್ತದೆ, ಕಣ್ಣು ಕೆಂಪಾಗುತ್ತದೆ, ಗಂಡಸರಿಗೆ ವೃಷಣ ಬಾಯುತ್ತದೆ. ಮೊದಲ ಗಂಟುಗಳು ಕೆಲವು ದಿನಗಳಲ್ಲಿ ಇಳಿದು ಕಪ್ಪು ಗುರುತು ಬಿಡುತ್ತವೆ. ಅಷ್ಟರಲ್ಲಿ ಇನ್ನೊಂದು ಗುಂಪು ಎದ್ದಿರುತ್ತದೆ. ಚರ್ಮದ ಸಣ್ಣ ರಕ್ತನಾಳಗಳ ಸುತ್ತ ಮತ್ತು ಅವುಗಳ ಗೋಡೆಯಲ್ಲೇ ಉರಿಯೂತ ಹತ್ತಿಕೊಳ್ಳುವುದರಿಂದ ಆಗುವ ತೊಂದರೆ ಇದು. ವೈದ್ಯರು ಇದನ್ನು ಎರಿಥೀಮಾ ನೋಡೋಸಮ್ ಲೆಪ್ರೋಸಮ್ ಅನ್ನುತ್ತಾರೆ, ಚಿಕ್ಕದಾಗಿ ಇಎನ್‌ಎಲ್. ವಾರ್ಡಿನಲ್ಲಿ ಕೇಳುವ ಹೆಸರು 'ಟೈಪ್ ಟೂ ರಿಯಾಕ್ಷನ್'.

ಇದು ಚಿಕಿತ್ಸೆಗೆ ಮುಂಚೆಯೂ ಬರಬಹುದು. ಆದರೆ ಎಷ್ಟೋ ಜನರಿಗೆ ಬರುವುದು ಮಾತ್ರೆ ನುಂಗುತ್ತಿರುವಾಗ, ಇಲ್ಲವೇ ಕೋರ್ಸ್ ಮುಗಿಸಿ 'ಗುಣವಾಗಿದೆ' ಎಂಬ ಚೀಟಿ ಪಡೆದು ಮನೆಗೆ ಹೋದ ಮೇಲೆ. ಭಾರತದ ಕುಷ್ಠ ಕಾರ್ಯಕ್ರಮದ ಲೆಕ್ಕ ಮುಗಿಯುವುದು ಆ ಚೀಟಿಯ ಹತ್ತಿರ. ನನ್ನ ಪ್ರಕಾರ ಇವತ್ತಿನ ಸಮಸ್ಯೆ ಇರುವುದೂ ಅಲ್ಲೇ.

ಮೊದಲು ಅಂಕಿ ಅಂಶ ನೋಡೋಣ. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ದಾಖಲೆಯಲ್ಲಿದ್ದರೆ 'ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನೆ' ಎಂದು ಕರೆಯುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಅಳತೆ. ಭಾರತ 2005ರ ಡಿಸೆಂಬರಿನಲ್ಲಿ ಅದನ್ನು ಮುಟ್ಟಿತು. ಪತ್ರಿಕೆಗಳು 'ನಿರ್ಮೂಲನೆ' ಪದವನ್ನಷ್ಟೇ ಎತ್ತಿಕೊಂಡವು. ಕಾಯಿಲೆ ಹೋಯಿತು ಅಂತ ಜನ ತಿಳಿದರು. ಆದರೆ 2023ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ ಹೊಸ ರೋಗಿಗಳು 1.8 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಅಂದರೆ ಒಂದು ಲಕ್ಷಕ್ಕೂ ಮೀರಿ, ನಮ್ಮ ದೇಶದವರು. ಈಗಿನ ರಾಷ್ಟ್ರೀಯ ಯೋಜನೆಯ ಗುರಿ 2027ರ ಹೊತ್ತಿಗೆ ಸೋಂಕು ಹರಡುವುದನ್ನು ಸೊನ್ನೆಗೆ ಇಳಿಸುವುದು.

ಈ 'ದಾಖಲೆ' ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ದಾಖಲೆಯಲ್ಲಿ ಇರುವವರು ಎಂಡಿಟಿ, ಅಂದರೆ ಬಹು ಔಷಧ ಚಿಕಿತ್ಸೆ, ತೆಗೆದುಕೊಳ್ಳುತ್ತಿರುವವರು ಮಾತ್ರ. ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಎಂಬ ಮೂರು ಔಷಧಿಗಳ ಈ ಕೂಟವನ್ನು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಶಿಫಾರಸು ಮಾಡಿತು. ಆಗ ಬ್ಯಾಕ್ಟೀರಿಯಾ ಹೆಚ್ಚಿರುವ ರೋಗಿಗೆ ಕನಿಷ್ಠ ಎರಡು ವರ್ಷ ಔಷಧಿ. 1990ರ ದಶಕದ ಕೊನೆಗೆ ಅದನ್ನು 12 ತಿಂಗಳಿಗೆ ಇಳಿಸಿದರು. ಕೋರ್ಸ್ ಅರ್ಧವಾದರೆ ಯಾವುದೇ ಒಂದು ದಿನ ಪಟ್ಟಿಯಲ್ಲಿರುವವರ ಸಂಖ್ಯೆಯೂ ಇಳಿಯುತ್ತದೆ, ಅಲ್ವಾ? ಹೊಸ ಸೋಂಕು ಒಂದೂ ಕಡಿಮೆಯಾಗದಿದ್ದರೂ ಪಟ್ಟಿ ಚಿಕ್ಕದಾಗುತ್ತದೆ. ಇದನ್ನು ಮೋಸ ಅನ್ನುತ್ತಿಲ್ಲ. 12 ತಿಂಗಳ ಕೋರ್ಸ್ ಬ್ಯಾಕ್ಟೀರಿಯಾ ಕೊಲ್ಲುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮತ್ತೆ ಕಾಯಿಲೆ ಮರುಕಳಿಸುವುದು ಅಪರೂಪ. ಪ್ರಶ್ನೆ ಇರುವುದು ಸತ್ತ ಬ್ಯಾಕ್ಟೀರಿಯಾಗಳ ಬಗ್ಗೆ.

ಕುಷ್ಠದ ಬ್ಯಾಕ್ಟೀರಿಯಾವನ್ನು ನಾರ್ವೆಯ ಬೆರ್ಗೆನ್ ಊರಿನಲ್ಲಿ ಅರ್ಮೋವರ್ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ. ಇಷ್ಟು ನಿಧಾನದ ಜೀವಿ ಇನ್ನೊಂದಿಲ್ಲ ಅನ್ನಬಹುದು. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಸೋಂಕು ತಗುಲಿ ಲಕ್ಷಣ ಕಾಣಿಸಲು ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ. ಹೆಚ್ಚಿನವರ ದೇಹ ಇದನ್ನು ತಡೆದುಬಿಡುತ್ತದೆ. ಕೆಲವರ ದೇಹ ಮಾತ್ರ ತಡೆಯದೆ ಬಿಟ್ಟುಕೊಳ್ಳುತ್ತದೆ. ಅಂಥವರಲ್ಲಿ ಬರುವುದು ಲೆಪ್ರೊಮೇಟಸ್ ಕುಷ್ಠ. ಅವರ ಚರ್ಮದಲ್ಲಿ, ನರಗಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಕಿವಿಹಾಲೆಯಿಂದ ಸ್ವಲ್ಪ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ನೋಟಕ್ಕೂ ನೂರಾರು ಕಾಣುತ್ತವೆ. ಇದನ್ನು 0ಯಿಂದ 6ರವರೆಗಿನ ಸೂಚ್ಯಂಕದಲ್ಲಿ ಅಳೆಯುತ್ತಾರೆ.

ರಿಫಾಂಪಿಸಿನ್ನಿನ ಒಂದೇ ಡೋಸ್ ಬದುಕಿರುವ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚನ್ನು ಕೊಂದುಹಾಕುತ್ತದೆ. ಚಿಕಿತ್ಸೆ ಶುರುವಾದ ರೋಗಿಯಿಂದ ಬೇರೆಯವರಿಗೆ ಹರಡುವ ಭಯ ಇಲ್ಲ ಅನ್ನುವುದು ಇದೇ ಕಾರಣಕ್ಕೆ. ಆದರೆ ಸತ್ತವು ಎಲ್ಲಿಗೆ ಹೋಗಬೇಕು? ದೇಹ ಅವುಗಳನ್ನು ತೆರವು ಮಾಡುವ ವೇಗ ತೀರಾ ಕಡಿಮೆ. ಸೂಚ್ಯಂಕ ವರ್ಷಕ್ಕೆ ಹೆಚ್ಚೆಂದರೆ ಒಂದು ಅಂಕ ಇಳಿಯುತ್ತದೆ. ಐದರಿಂದ ಶುರುವಾದವರಿಗೆ ಸೊನ್ನೆ ತಲುಪಲು ಐದಾರು ವರ್ಷ ಬೇಕು. ಮಾತ್ರೆ ಕೊಡುವುದು ಮಾತ್ರ ಒಂದು ವರ್ಷ. ಮದುವೆ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೂ ಛತ್ರದಲ್ಲಿ ಎಲೆ ರಾಶಿ ಬಿದ್ದಿರುವ ಹಾಗೆ, ಬ್ಯಾಕ್ಟೀರಿಯಾದ ಚೂರುಗಳು ವರ್ಷಗಟ್ಟಲೆ ಅಂಗಾಂಶದಲ್ಲೇ ಉಳಿದಿರುತ್ತವೆ.

ಲೆಪ್ರೊಮೇಟಸ್ ರೋಗಿಯ ದೇಹದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕಡಿಮೆ. ಆದರೆ ಅದರ ವಿರುದ್ಧದ ಪ್ರತಿಕಾಯಗಳು ಬೇಕಾದಷ್ಟಿವೆ. ಪ್ರತಿಕಾಯ ಮತ್ತು ಬ್ಯಾಕ್ಟೀರಿಯಾದ ಚೂರು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಮುದ್ದೆಗಳಾಗುತ್ತವೆ. ಇವು ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತವೆ. ಅಲ್ಲಿಗೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕ ಏರುತ್ತದೆ. ಗೋಡೆ ಊದುತ್ತದೆ, ಸುತ್ತಲ ಕೊಬ್ಬು ಊದುತ್ತದೆ. ಮೇಲಿನಿಂದ ನೋಡಿದರೆ ಅದು ಒಂದು ಕೆಂಪು ಗಂಟು. ಪ್ರತಿಕಾಯಗಳ ಈ ಕಥೆಯ ಜೊತೆ ಟಿ ಕಣ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಪಾತ್ರವೂ ಇದೆ ಎಂದು ಈಚಿನ ಸಂಶೋಧನೆಗಳು ತೋರಿಸಿವೆ. ಉರಿಯೂತ ಚರ್ಮದಲ್ಲೇ ನಿಲ್ಲುವುದಿಲ್ಲ. ನರ, ಕಣ್ಣು, ಮೂತ್ರಪಿಂಡ, ಕೀಲು ಎಲ್ಲಕ್ಕೂ ಹೋಗುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಹೈದರಾಬಾದಿನಲ್ಲಿ 11 ವರ್ಷಗಳ ರೋಗಿಗಳನ್ನು ಹಿಂಬಾಲಿಸಿ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಲೆಪ್ರೊಮೇಟಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಎನ್‌ಎಲ್ ಬಂದಿತ್ತು. ಸೂಚ್ಯಂಕ 4ಕ್ಕಿಂತ ಮೇಲಿದ್ದವರಿಗೆ ಅಪಾಯ ಹೆಚ್ಚು. ಒಂದೇ ಸಲ ಬಂದು ಹೋದವರು ಕಡಿಮೆ. ಬಹುಪಾಲು ಜನರಿಗೆ ಅದು ಆರು ತಿಂಗಳು ದಾಟಿ ಎಳೆಯಿತು.

ಇಲ್ಲಿ ಒಂದು ವಿಚಿತ್ರ ನೋಡಿ. ಯಾರಿಗೆ ಬರಬಹುದು ಅಂತ ಮೊದಲೇ ಹೇಳಬಲ್ಲ ಪರೀಕ್ಷೆ ನಮ್ಮಲ್ಲಿ ಇತ್ತು. ಕಿವಿಹಾಲೆಯ ಆ ಸ್ಮಿಯರ್. ಕಾರ್ಯಕ್ರಮವನ್ನು ಸರಳ ಮಾಡುವ ಭರದಲ್ಲಿ ಅದನ್ನು ಕಡ್ಡಾಯದ ಪಟ್ಟಿಯಿಂದ ಬಿಟ್ಟರು. ಈಗ ಸಾಮಾನ್ಯವಾಗಿ ಮಚ್ಚೆ ಎಣಿಸುತ್ತಾರೆ. ಐದರ ತನಕ ಇದ್ದರೆ ಒಂದು ಗುಂಪು, ಐದಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು. ಆರು ಮಚ್ಚೆಯವರೂ ಮೈತುಂಬ ಬ್ಯಾಕ್ಟೀರಿಯಾ ಇರುವವರೂ ಒಂದೇ ಗುಂಪಿಗೆ ಬೀಳುತ್ತಾರೆ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಎಣಿಕೆ ಸುಲಭ, ನಿಜ. ಆದರೆ ಮುಂದಿನ ಐದು ವರ್ಷ ಯಾರ ಮೇಲೆ ಕಣ್ಣಿಡಬೇಕು ಅನ್ನುವುದು ಆ ಎಣಿಕೆಯಿಂದ ತಿಳಿಯುವುದಿಲ್ಲ.

ಮಚ್ಚೆಯೇ ಇಲ್ಲದ ಕುಷ್ಠವೂ ಇದೆ. ಅದರ ಕಥೆ ಮೆಕ್ಸಿಕೊದ್ದು. ರಾಜಧಾನಿ ಮೆಕ್ಸಿಕೊ ಸಿಟಿಯಲ್ಲಿ ಸ್ಯಾನ್ ಲಾಜಾರೊ ಎಂಬ ಕುಷ್ಠ ಆಸ್ಪತ್ರೆ ಇತ್ತು. ಅಲ್ಲಿನ ರಫಾಯೆಲ್ ಲೂಸಿಯೊ ಮತ್ತು ಇಗ್ನಾಸಿಯೊ ಅಲ್ವರಾಡೊ ಎಂಬ ವೈದ್ಯರು 1852ರಲ್ಲಿ ಒಂದು ಬೇರೆಯೇ ಬಗೆಯ ರೋಗವನ್ನು ವಿವರಿಸಿದರು. ಹ್ಯಾನ್ಸನ್ ಬ್ಯಾಕ್ಟೀರಿಯಾ ಕಾಣುವುದಕ್ಕೂ ಎರಡು ದಶಕ ಮುಂಚೆ ಇದು. ಆ ರೋಗಿಗಳಲ್ಲಿ ಮಚ್ಚೆ ಇಲ್ಲ, ಗಂಟಿಲ್ಲ. ಇಡೀ ಚರ್ಮ ಸಮನಾಗಿ ದಪ್ಪವಾಗಿ ಹೊಳೆಯುತ್ತದೆ. ಸುಕ್ಕು ಮಾಯವಾಗಿ ವಯಸ್ಸು ಕಡಿಮೆಯಾದ ಹಾಗೆ ಕಾಣುತ್ತದೆ. ಹುಬ್ಬು, ರೆಪ್ಪೆ ಉದುರುತ್ತವೆ. ಮೆಕ್ಸಿಕೊದಲ್ಲಿ ಇದಕ್ಕೆ 'ಸುಂದರ ಕುಷ್ಠ' ಎಂಬ ಹೆಸರೇ ಬಿದ್ದಿತ್ತು.

ಆ ಅಂದ ಬಹಳ ದಿನ ಉಳಿಯುವುದಿಲ್ಲ. ಕಾಲಿನಲ್ಲಿ, ಆಮೇಲೆ ತೊಡೆ, ತೋಳುಗಳಲ್ಲಿ ಮೂಲೆಮೂಲೆಯಾದ ನೇರಳೆ ಕಲೆಗಳು ಏಳುತ್ತವೆ. ಅವು ಕಪ್ಪಾಗುತ್ತವೆ, ನೀರುಗುಳ್ಳೆಯಾಗಿ ಒಡೆಯುತ್ತವೆ, ಹುಣ್ಣಾಗುತ್ತವೆ. ಒಣಗಿದರೆ ನಕ್ಷತ್ರದ ಆಕಾರದ ಬಿಳಿ ಗಾಯದ ಗುರುತು. ಇದು ಚರ್ಮದ ರಕ್ತನಾಳಗಳ ತೊಂದರೆ ಎಂದು 1948ರಲ್ಲಿ ಅದೇ ದೇಶದ ಫರ್ನಾಂಡೊ ಲತಪಿ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಹೆಸರನ್ನು ಮಾತ್ರ ಹಳೆಯ ವೈದ್ಯನಿಗೇ ಕೊಟ್ಟರು: ಲೂಸಿಯೊ ಫಿನಾಮಿನನ್. ಇಲ್ಲಿ ಬ್ಯಾಕ್ಟೀರಿಯಾ ರಕ್ತನಾಳದ ಒಳಪದರದ ಕಣಗಳೊಳಗೇ ಮನೆ ಮಾಡಿರುತ್ತದೆ. ಒಳಪದರ ಊದಿ, ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಹೋಗುತ್ತದೆ. ಆಚೆ ಇರುವ ಚರ್ಮ ರಕ್ತವಿಲ್ಲದೆ ಸಾಯುತ್ತದೆ. ಇದನ್ನು ಅಪ್ಪಟ ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ ಉರಿಯೂತ, ಅನ್ನಬೇಕೋ, ನಾಳ ಕಟ್ಟಿಕೊಂಡದ್ದು ಅನ್ನಬೇಕೋ ಎಂದು ಪೆಥಾಲಜಿಸ್ಟರು ಇನ್ನೂ ಜಗಳವಾಡುತ್ತಿದ್ದಾರೆ. ರೋಗಿಗೆ ಅದರಿಂದ ಆಗಬೇಕಾದ್ದು ಏನಿಲ್ಲ. ತೆರೆದ ಹುಣ್ಣುಗಳಿಂದ ಬೇರೆ ಸೋಂಕು ಹೊಕ್ಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಸಂಚಕಾರ.

2008ರಲ್ಲಿ ಈ ಕಥೆಗೆ ಹೊಸ ತಿರುವು ಸಿಕ್ಕಿತು. ಲೂಸಿಯೊ ತೊಂದರೆಯಿಂದ ಸತ್ತ ಮೆಕ್ಸಿಕೊ ಮೂಲದ ಇಬ್ಬರ ಅಂಗಾಂಶದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಸಂಶೋಧಕರಿಗೆ ಬೇರೊಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಮೈಕೊಬ್ಯಾಕ್ಟೀರಿಯಂ ಲೆಪ್ರೊಮಟೋಸಿಸ್ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಕುಷ್ಠಕ್ಕೆ ಒಂದೇ ಕಾರಣ ಅಂದುಕೊಂಡಿದ್ದೆವು. 2025ರಲ್ಲಿ ಬಂದ ಸಂಶೋಧನೆಯ ಪ್ರಕಾರ ಯುರೋಪಿಯನ್ನರು ಕಾಲಿಡುವ ಮುಂಚೆಯೇ ಇದು ಅಮೆರಿಕ ಖಂಡಗಳಲ್ಲಿ ಇತ್ತು. ಹಾಗಂತ ಲೂಸಿಯೊ ಬರೀ ಮೆಕ್ಸಿಕೊದ ಸಮಸ್ಯೆ ಅಲ್ಲ. ಎಲ್ಲ ಕಡೆ ಇರುವ ಹಳೆಯ ಬ್ಯಾಕ್ಟೀರಿಯಾದಿಂದಲೂ ಅದು ಬರುತ್ತದೆ. ಭಾರತದ ಚರ್ಮವೈದ್ಯರ ಪತ್ರಿಕೆಗಳಲ್ಲಿ ಆಗಾಗ ಒಂದೊಂದು ಕೇಸಿನ ವರದಿ ಬರುತ್ತಲೇ ಇದೆ. ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇಷ್ಟು. ಮನೆಮನೆ ಸಮೀಕ್ಷೆಗೆ ಹೋಗುವವರಿಗೆ ನಾವು ಹೇಳಿಕೊಡುವುದು ಮಚ್ಚೆ ಹುಡುಕಿ ಅಂತ. ಮೈತುಂಬ ಬ್ಯಾಕ್ಟೀರಿಯಾ ಇದ್ದು ಒಂದೂ ಮಚ್ಚೆ ಇಲ್ಲದ ಮನುಷ್ಯ ಆ ಬಲೆಗೆ ಬೀಳುವುದೇ ಇಲ್ಲ. ಅವನ ಹುಬ್ಬು ಉದುರಿದೆ, ಕಿವಿಹಾಲೆ ದಪ್ಪವಾಗಿದೆ, ಅಂಗೈ ಅಂಗಾಲು ಜೋಮು ಹಿಡಿದಿದೆ. ಆದರೆ ಇವನ್ನು ಕೇಳುವವರು ಕಡಿಮೆ.

ಇನ್ನು ಆಸ್ಪತ್ರೆಗೆ ಹೋದರೂ ಸರಿಯಾದ ಬಾಗಿಲು ಸಿಗುವುದು ಕಷ್ಟ. ಜ್ವರ, ಕೀಲುನೋವು, ಗಂಟು ಅಂತ ಹೋದರೆ ಸಂಧಿವಾತ ಅಥವಾ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಅನ್ನುವ ಅನುಮಾನ ಮೊದಲು ಬರುತ್ತದೆ. ರಕ್ತಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಆ ಕಾಯಿಲೆಗಳನ್ನು ಹುಡುಕಲು ನೋಡುವ ರುಮಟಾಯ್ಡ್ ಫ್ಯಾಕ್ಟರ್, ಫಾಸ್ಫೊಲಿಪಿಡ್ ವಿರುದ್ಧದ ಪ್ರತಿಕಾಯಗಳು ಕುಷ್ಠರೋಗಿಗಳಲ್ಲೂ ಪಾಸಿಟಿವ್ ಬರುವುದು ಹೊಸದೇನಲ್ಲ. ಕಾಲಿನಲ್ಲಿ ಕಪ್ಪು ಹುಣ್ಣಾಗಿದ್ದರೆ ಸಕ್ಕರೆ ಕಾಯಿಲೆಯ ಗ್ಯಾಂಗ್ರೀನ್ ಅಂತ ಬರೆಯುತ್ತಾರೆ. ಕೊಟ್ಟ ಸ್ಟೀರಾಯ್ಡ್‌ಗೆ ಗಂಟು ಇಳಿಯುತ್ತದೆ, ರೋಗನಿರ್ಣಯ ಸರಿ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಒಳಗೆ ಕುಷ್ಠ ಔಷಧಿ ಇಲ್ಲದೆ ಬೆಳೆಯುತ್ತಿರುತ್ತದೆ. 2005ರ ಆಸುಪಾಸಿನ ವರ್ಷಗಳಲ್ಲಿ ಕುಷ್ಠಕ್ಕೆಂದೇ ಇದ್ದ ಸಿಬ್ಬಂದಿ ಸಾಮಾನ್ಯ ಆರೋಗ್ಯ ವ್ಯವಸ್ಥೆಯಲ್ಲಿ ಕರಗಿಹೋದರು. ಹೊಸ ತಲೆಮಾರಿನ ವೈದ್ಯರಲ್ಲಿ ಇಎನ್‌ಎಲ್ ಕಣ್ಣಾರೆ ನೋಡಿದವರು ಎಷ್ಟು ಮಂದಿ ಇದ್ದಾರು? ಬೆಂಗಳೂರಿನಲ್ಲೇ ಸುಮನಹಳ್ಳಿ ಅಂದರೆ ಈಗ ಫ್ಲೈಓವರ್ ಮತ್ತು ಟ್ರಾಫಿಕ್. ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದಿಂದ ಆ ಹೆಸರು ಊರಿಗೆಲ್ಲ ಗೊತ್ತಾಯಿತು ಅನ್ನುವುದನ್ನು ಆ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡ ಎಷ್ಟು ಜನ ಬಲ್ಲರೋ.

ಚಿಕಿತ್ಸೆ ಇದೆ. ಆದರೆ ಒಂದೊಂದಕ್ಕೂ ಒಂದೊಂದು ಮುಳ್ಳು.

ಎಲ್ಲ ಕಡೆ ಸಿಗುವುದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಉರಿಯೂತವನ್ನು ಬೇಗ ಇಳಿಸುತ್ತದೆ. ಕಾರ್ಯಕ್ರಮದಲ್ಲಿರುವ ಸ್ಟೀರಾಯ್ಡ್ ಕೋರ್ಸ್ 12 ಇಲ್ಲವೇ 20 ವಾರಗಳದ್ದು. ಮಚ್ಚೆ ಮತ್ತು ನರಗಳು ಊದುವ ಟೈಪ್ ಒನ್ ರಿಯಾಕ್ಷನ್‌ಗೆ ಅದು ಹೊಂದುತ್ತದೆ. ಇಎನ್‌ಎಲ್ ಎಳೆಯುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಡೋಸ್ ಇಳಿಸಿದ ಕೂಡಲೇ ಗಂಟು ವಾಪಸ್. ಮತ್ತೆ ಏರಿಸು, ಮತ್ತೆ ಇಳಿಸು. ರೋಗಿಯೇ ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗಲು ಶುರುಮಾಡುತ್ತಾನೆ. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಸವೆದ ಮೂಳೆ, ಕ್ಷಯ ಒಂದೊಂದಾಗಿ ಬರುತ್ತವೆ. ಇಥಿಯೋಪಿಯಾದ ಒಂದು ಕುಷ್ಠ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದಾಗ ಇಎನ್‌ಎಲ್ ಇದ್ದವರಲ್ಲಿ ಸಾವು ಹೆಚ್ಚಿತ್ತು. ಆ ಸಾವುಗಳಲ್ಲಿ ಹೆಚ್ಚಿನವಕ್ಕೆ ಸ್ಟೀರಾಯ್ಡ್ ನಂಟು ಇತ್ತು. ಅದರಲ್ಲಿ ಸತ್ತವರು ಹರೆಯದವರು. ಕುಷ್ಠದಿಂದ ಯಾರೂ ಸಾಯುವುದಿಲ್ಲ ಎಂಬ ಮಾತನ್ನು ಇನ್ನು ಮುಂದೆ ಸ್ವಲ್ಪ ಎಚ್ಚರದಿಂದ ಆಡಬೇಕು.

ಎರಡನೆಯದು ಕ್ಲೋಫಾಜಿಮಿನ್. ಎಂಡಿಟಿಯಲ್ಲೇ ಇರುವ ಔಷಧಿ. ಡೋಸ್ ಹೆಚ್ಚಿಸಿದರೆ ಇಎನ್‌ಎಲ್ ತಡೆಯುತ್ತದೆ, ಸ್ಟೀರಾಯ್ಡ್ ಕಡಿಮೆ ಮಾಡಲು ನೆರವಾಗುತ್ತದೆ. ಕೆಲಸ ಶುರುಮಾಡಲು ವಾರಗಳು ಬೇಕು. ಚರ್ಮ ಕೆಂಗಪ್ಪು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಊರುಗಳಲ್ಲಿ ಮುಖದ ಬಣ್ಣ ಬದಲಾದರೆ ಕೇಳದೆ ಬಿಡುವ ನೆರೆಹೊರೆ ಎಲ್ಲಿದೆ? ಹುಡುಗಿಯ ಮದುವೆ ಮಾತುಕತೆ ನಡೆಯುತ್ತಿದ್ದರಂತೂ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ.

ಮೂರನೆಯದು ಥಾಲಿಡೊಮೈಡ್. ಜರ್ಮನಿಯ ಗ್ರ್ಯೂನೆಂಥಾಲ್ ಕಂಪನಿ 1957ರಲ್ಲಿ ಇದನ್ನು ನಿದ್ದೆಯ ಮಾತ್ರೆಯಾಗಿ ಮಾರುಕಟ್ಟೆಗೆ ತಂದಿತು. ಗರ್ಭಿಣಿಯರು ಬೆಳಗಿನ ವಾಕರಿಕೆಗೂ ನುಂಗಿದರು. ಕೈಕಾಲು ಬೆಳೆಯದ ಸುಮಾರು ಹತ್ತು ಸಾವಿರ ಮಕ್ಕಳು ಹುಟ್ಟಿದರು. 1961ರ ಕೊನೆಗೆ ವಾಪಸ್ ಪಡೆದರು. ಅದಾದ ಮೂರೇ ವರ್ಷಕ್ಕೆ, 1964ರಲ್ಲಿ, ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ಇಎನ್‌ಎಲ್ ನೋವಿನಿಂದ ನಿದ್ದೆಯೇ ಬಾರದ ರೋಗಿಗೆ ಇದನ್ನು ಕೊಟ್ಟರು, ಸುಮ್ನೆ ನಿದ್ದೆ ಬರಲಿ ಅಂತ. ನಿದ್ದೆ ಬಂತು, ಜೊತೆಗೆ ಗಂಟುಗಳೂ ಇಳಿದವು. ಇದು ಟಿಎನ್‌ಎಫ್ ತಗ್ಗಿಸುತ್ತದೆ ಎಂಬುದು ಗೊತ್ತಾದದ್ದು 1990ರ ದಶಕದಲ್ಲಿ. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕೊಟ್ಟದ್ದು ಇಎನ್‌ಎಲ್‌ಗೆ ಅನ್ನುವುದನ್ನು ಗಮನಿಸಿ. ಇವತ್ತು ಈ ಔಷಧಿ ಮೈಲೋಮಾ ಎಂಬ ರಕ್ತ ಕ್ಯಾನ್ಸರಿನ ಹೆಸರಿನಲ್ಲಿ ಪ್ರಸಿದ್ಧ.

ಇಎನ್‌ಎಲ್‌ಗೆ ಇಷ್ಟು ಬೇಗ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ಗರ್ಭದ ಮೊದಲ ವಾರಗಳಲ್ಲಿ ಒಂದೇ ಮಾತ್ರೆ ಮಗುವನ್ನು ಕೆಡಿಸಬಹುದು ಅನ್ನುವುದೂ ಅಷ್ಟೇ ನಿಜ. ಬ್ರೆಜಿಲಿನಲ್ಲಿ ಕುಷ್ಠಕ್ಕೆ ಇದನ್ನು ವ್ಯಾಪಕವಾಗಿ ಕೊಟ್ಟರು. ಜಗತ್ತೆಲ್ಲ ಮುಗಿಯಿತು ಅಂದುಕೊಂಡ ಮೇಲೂ ಅಲ್ಲಿ ಅಂಥ ಮಕ್ಕಳು ಹುಟ್ಟಿದರು. ಒಬ್ಬರ ಮಾತ್ರೆ ಮನೆಯ ಇನ್ನೊಬ್ಬರ ಕೈಗೆ ಹೋಗುವುದು ಅಲ್ಲೂ ಇದೆ, ಇಲ್ಲೂ ಇದೆ. ಸಾಲದ್ದಕ್ಕೆ ಥಾಲಿಡೊಮೈಡ್ ನರಗಳನ್ನೂ ಹಾಳು ಮಾಡುತ್ತದೆ, ಅದೂ ನರವೇ ಹಾಳಾಗುವ ಕಾಯಿಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ಷೇತ್ರ ಮಟ್ಟದಲ್ಲಿ ಹಂಚಲು ಹಿಂಜರಿಯುವುದಕ್ಕೆ ಕಾರಣ ಇದೆ. ಲೂಸಿಯೊ ತೊಂದರೆಗಂತೂ ಇದು ಕೆಲಸವೇ ಮಾಡುವುದಿಲ್ಲ. ಅಲ್ಲಿ ಬೇಕಾದದ್ದು ಬೇಗ ಎಂಡಿಟಿ, ಸ್ಟೀರಾಯ್ಡ್, ಸುಟ್ಟಗಾಯದವರಿಗೆ ಮಾಡುವಂಥ ಹುಣ್ಣಿನ ಆರೈಕೆ.

ನಾಲ್ಕನೆಯದರ ಪ್ರಯೋಗ ನಡೆದಿದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಗ್ಗದ ಔಷಧಿ, ತಾಲೂಕು ಮಟ್ಟದಲ್ಲೂ ಸಿಗುತ್ತದೆ. ಇದನ್ನು ಪ್ರೆಡ್ನಿಸೊಲೋನ್ ಜೊತೆ ಕೊಟ್ಟರೆ ಸ್ಟೀರಾಯ್ಡ್ ಕಡಿಮೆ ಮಾಡಬಹುದೇ ಎಂದು ಪರೀಕ್ಷಿಸಲು ಭಾರತ, ನೇಪಾಳ, ಬಾಂಗ್ಲಾದೇಶ, ಇಂಡೋನೇಷ್ಯಾ, ಇಥಿಯೋಪಿಯಾ, ಬ್ರೆಜಿಲ್‌ಗಳ ವೈದ್ಯರು ಒಂದಾಗಿದ್ದಾರೆ. ಇದರಲ್ಲೂ ಗರ್ಭಿಣಿಯರಿಗೆ ಅಪಾಯ ಇದ್ದೇ ಇದೆ. ಆದರೆ ಬಳಸಿ ಗೊತ್ತಿರುವ ವೈದ್ಯರು ಜಾಸ್ತಿ.

ದುಡ್ಡಿನ ಮಾತು ಬಿಟ್ಟರೆ ಚಿತ್ರ ಪೂರ್ತಿ ಆಗುವುದಿಲ್ಲ. ಎಂಡಿಟಿ ಪುಕ್ಕಟೆ. ಆದರೆ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಇಎನ್‌ಎಲ್ ಇದ್ದ ಮನೆಗಳ ಲೆಕ್ಕ ತೆಗೆದಾಗ, ಮನೆಯ ಆದಾಯದ ಕಾಲುಭಾಗಕ್ಕೂ ಹೆಚ್ಚು ಈ ಕಾಯಿಲೆಗೆ ಹೋಗುತ್ತಿತ್ತು. ರಿಯಾಕ್ಷನ್ ಇಲ್ಲದ ಕುಷ್ಠರೋಗಿಗಳ ಮನೆಗಳಲ್ಲಿ ಅದು ನೂರಕ್ಕೆ ಐದರ ಆಸುಪಾಸು. ದೊಡ್ಡ ಪಾಲು ಹೋದದ್ದು ಔಷಧಿಗಲ್ಲ, ಕಳೆದುಹೋದ ಕೂಲಿಗೆ. ಇಎನ್‌ಎಲ್ ಬರುವುದು ಹೆಚ್ಚಾಗಿ ದುಡಿಯುವ ವಯಸ್ಸಿನವರಿಗೆ. ಜ್ವರ ಬಂದ ವಾರ ಗಾರೆ ಕೆಲಸ ಇಲ್ಲ, ಕಳೆ ಕೀಳುವುದಿಲ್ಲ. ಕೆಲಸಕ್ಕೆ ಕರೆಯುವವರು ಎರಡು ಸಲ ನೋಡಿ ಮೂರನೆಯ ಸಲ ಬೇರೆಯವರನ್ನು ಕರೆಯುತ್ತಾರೆ.

ಹಾಗಾದರೆ ಸರ್ಕಾರ ಏನು ಮಾಡಬೇಕು? ದೊಡ್ಡ ಕಟ್ಟಡ ಬೇಡ. ಜಿಲ್ಲೆಗೊಂದು ಕಡೆ ಸ್ಮಿಯರ್ ಪರೀಕ್ಷೆ ಮತ್ತೆ ಶುರುವಾಗಲಿ. ಸೂಚ್ಯಂಕ 4 ದಾಟಿದವರ ಹೆಸರು ಕೋರ್ಸ್ ಮುಗಿದ ಮೇಲೂ ಐದು ವರ್ಷ ಪಟ್ಟಿಯಲ್ಲಿ ಇರಲಿ. ಎಷ್ಟು ಜನರಿಗೆ ರಿಯಾಕ್ಷನ್ ಬಂತು, ಎಷ್ಟು ಜನ ಆರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮೇಲಿದ್ದಾರೆ ಎಂಬುದನ್ನೂ ಹೊಸ ರೋಗಿಗಳ ಸಂಖ್ಯೆಯ ಜೊತೆಗೇ ಪ್ರಕಟಿಸಲಿ. ಇದರಿಂದ ಪಟ್ಟಿ ಉದ್ದವಾಗುತ್ತದೆ, 2027ರ ಗುರಿಯ ಹೊತ್ತಿನಲ್ಲಿ ಅದು ಯಾರಿಗೂ ಇಷ್ಟವಾಗಲಿಕ್ಕಿಲ್ಲ. ಆದರೆ ಸೋಂಕು ನಿಂತರೂ ಈಗಾಗಲೇ ಸೋಂಕಾದವರಿಗೆ ರಿಯಾಕ್ಷನ್ ಬರುವುದು ನಿಲ್ಲುವುದಿಲ್ಲ.

ಓದುವವರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಹಿಂದೆ ಯಾವಾಗಲಾದರೂ ಕುಷ್ಠಕ್ಕೆ ಔಷಧಿ ಆಗಿದ್ದರೆ ಒಂದು ವಿಷಯ. ಜ್ವರದ ಜೊತೆ ನೋವಿನ ಗಂಟು ಎದ್ದರೆ, ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ, ಕೈಕಾಲಿನ ಶಕ್ತಿ ಇಳಿದರೆ, ಚರ್ಮದಲ್ಲಿ ನೇರಳೆ ಕಲೆ ಕಪ್ಪಾಗತೊಡಗಿದರೆ, ಅದೇ ದಿನ ವೈದ್ಯರ ಹತ್ತಿರ ಹೋಗಿ. ಹಳೆಯ ಕಾಯಿಲೆಯ ಹೆಸರನ್ನು ಮುಚ್ಚಿಡದೆ ಹೇಳಿ, ವಿದೇಶದಲ್ಲಿದ್ದರೆ ಇನ್ನೂ ಸ್ಪಷ್ಟವಾಗಿ ಹೇಳಿ. ಅಲ್ಲಿನ ವೈದ್ಯರಿಗೆ ಈ ಕಾಯಿಲೆ ಹೊಳೆಯುವುದು ಕಷ್ಟ. ಎಂಡಿಟಿ ನಡೆಯುತ್ತಿದ್ದರೆ ನಿಲ್ಲಿಸಬೇಡಿ. ಮಾತ್ರೆ ತಿಂದದ್ದಕ್ಕೇ ಹೀಗಾಯಿತು ಅಂತ ಬಿಟ್ಟುಬಿಡುವವರು ತುಂಬಾ ಜನ. ಸ್ಟೀರಾಯ್ಡ್ ಅನ್ನು ನಿಮ್ಮಷ್ಟಕ್ಕೆ ಶುರುಮಾಡುವುದೂ ಬೇಡ, ತಟ್ಟನೆ ಬಿಡುವುದೂ ಬೇಡ. ಕೋರ್ಸ್ ಮುಗಿದು ಮೂರು ವರ್ಷ ಆಗಿದ್ದರೂ ಇದು ಅದೇ ಕಾಯಿಲೆಯ ಭಾಗ. ನಿಮ್ಮ ಹೆಸರು ಪಟ್ಟಿಯಿಂದ ಹೋಗಿದೆ ಅನ್ನುವ ಕಾರಣಕ್ಕೆ ಚಿಕಿತ್ಸೆಯ ಹಕ್ಕು ಹೋಗುವುದಿಲ್ಲ.